ಬೀದರಿಗೆ ಬಂದ ಪರದೇಶಿ

ಅವತ್ತು ರಾತ್ರಿ ಒಂಬತ್ತರ ಚರ್ಚೆಗೆ ಇನ್ನು ಅರ್ಧ ಗಂಟೆ ಇತ್ತು. ಡೆಸ್ಕಿನ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ನನ್ನ ಹತ್ತಿರ ಓಡಿ ಬಂದ. "ಸರ್, ಇದನ್ನ ನೋಡಿ. ಬೆಳಿಗ್ಗೆಯಿಂದ ಎಲ್ಲಾ ಕಡೆ ಓಡ್ತಾ ಇದೆ" ಅಂದ.

ನೋಡಿದೆ. ಬೆನ್ನ ಮೇಲೆ ದೊಡ್ಡದೊಂದು ಚೀಲ ಹೊತ್ತ ವಿದೇಶಿ ಹುಡುಗ ಮೆಜೆಸ್ಟಿಕ್‌ನಲ್ಲಿ ನಿಂತಿದ್ದಾನೆ. ಬಂದು ಒಂದು ದಿನವಾಗಿದೆ ಅಷ್ಟೇ. ಹಾರ್ನ್ ಸದ್ದಿನಲ್ಲಿ ತನ್ನ ಮಾತು ತನಗೇ ಕೇಳಿಸುತ್ತಿಲ್ಲ ಅನ್ನುತ್ತಾನೆ. ಫುಟ್‌ಪಾತ್ ಮೇಲೆ ಬೈಕ್ ಬರುವುದನ್ನು ತೋರಿಸುತ್ತಾನೆ. ರಸ್ತೆ ದಾಟಲು ಹದಿನೈದು ನಿಮಿಷ ನಿಂತೆ, ಕೊನೆಗೆ ಹೂವು ಮಾರುವ ಹೆಂಗಸೊಬ್ಬರು ಕೈ ಹಿಡಿದು ದಾಟಿಸಿದರು ಅನ್ನುತ್ತಾನೆ. ಆಮೇಲೆ ನಗುತ್ತಾ, ಇಷ್ಟು ಜನ ಇಷ್ಟು ಅವಸರದಲ್ಲಿ ಎಲ್ಲಿಗೆ ಹೋಗ್ತಾರೆ ಅಂತ ಕೇಳುತ್ತಾನೆ.

"ಬೆಂಗಳೂರಿಗೆ ಅವಮಾನ ಅಂತ ಹಾಕೋಣ್ವಾ ಸರ್?" ಹುಡುಗ ಕೇಳಿದ.

"ಅವನು ಹೇಳಿದ್ದರಲ್ಲಿ ಸುಳ್ಳೇನಿದೆ?" ಅಂದೆ.

ಹುಡುಗ ಒಂದು ಕ್ಷಣ ಯೋಚಿಸಿದ. "ಸುಳ್ಳೇನಿಲ್ಲ ಸರ್. ಆದ್ರೆ ಅದನ್ನ ಹೇಳೋಕೆ ಅವನ್ಯಾರು?"

ಚರ್ಚೆ ಮಾಡಲಿಲ್ಲ ಅಂತ ನಾನು ಇಲ್ಲಿ ದೊಡ್ಡವನಾಗಬಹುದಿತ್ತು. ಆದರೆ ಮಾಡಿದೆವು. ನಾಲ್ಕು ಜನ ಅತಿಥಿಗಳು ಕೂತರು, ಕೆಂಪು ಅಕ್ಷರದಲ್ಲಿ ಟಿಕರ್ ಓಡಿತು, ನಾನೂ ದನಿ ಏರಿಸಿದೆ. ಆ ಹೂವು ಮಾರುವ ಹೆಂಗಸಿನ ಮಾತನ್ನು ನಾಲ್ವರಲ್ಲಿ ಒಬ್ಬರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕಾರ್ಯಕ್ರಮ ಮುಗಿಸಿ ಮನೆಗೆ ಹೋಗುವಾಗ ಹುಡುಗನ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು. ಹೇಳೋಕೆ ಅವನ್ಯಾರು?

ವೀಕ್ಷಕರೇ, ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಐದೂವರೆ ಶತಮಾನ ಹಿಂದಕ್ಕೆ ಹೋಗಬೇಕಾಯಿತು. ಹೋಗಿ ನಿಂತದ್ದು ಬೇರೆಲ್ಲೂ ಅಲ್ಲ, ನಮ್ಮದೇ ಬೀದರಿನಲ್ಲಿ. ನಾನು ಆ ಕಡೆಯವನು. ಬೀದರ್ ಕೋಟೆಯ ಕೆಳಗೆ ಎಷ್ಟೋ ಸಲ ಓಡಾಡಿದ್ದೇನೆ, ಮಹಮೂದ್ ಗವಾನ್ ಮದರಸಾದ ಮುಂದೆ ನಿಂತು ಚುನಾವಣೆ ವರದಿ ಕೊಟ್ಟಿದ್ದೇನೆ. ಆದರೆ ಅದೇ ಬೀದಿಯಲ್ಲಿ ಒಮ್ಮೆ ರಷ್ಯಾದ ಬಡ ವ್ಯಾಪಾರಿಯೊಬ್ಬ ತನ್ನ ಕುದುರೆ ಹಿಡಿದುಕೊಂಡು ಬಾಯಿಬಿಟ್ಟು ನೋಡುತ್ತಾ ನಿಂತಿದ್ದ ಅನ್ನುವುದು ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ.

ಅವನ ಹೆಸರು ಅಫನಾಸಿ ನಿಕಿತಿನ್. ಮಾಸ್ಕೋದ ಹತ್ತಿರ, ವೋಲ್ಗಾ ನದಿಯ ದಡದಲ್ಲಿರುವ ಟ್ವೇರ್ ಎಂಬ ಊರಿನವನು. ಅವನು ಬೀದರಿಗೆ ಬಂದದ್ದು 1470ರ ಆಸುಪಾಸಿನಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅದಕ್ಕಿಂತ ಕಾಲು ಶತಮಾನ ಮೊದಲು. ಗಾಮನ ಹಿಂದೆ ಒಬ್ಬ ರಾಜ ಇದ್ದ, ಹಡಗುಗಳಿದ್ದವು, ಫಿರಂಗಿ ಇತ್ತು. ಇವನ ಹಿಂದೆ ಯಾರಿದ್ದರು? ಸಾಲಗಾರರು!

ಹೌದು, ತಮಾಷೆಯಲ್ಲ. ನಿಕಿತಿನ್ ಭಾರತ ನೋಡಬೇಕು ಅಂತ ಹೊರಟವನೇ ಅಲ್ಲ. ಸರಕು ತುಂಬಿಕೊಂಡು ವೋಲ್ಗಾದಲ್ಲಿ ಕೆಳಗಿಳಿದು, ಕ್ಯಾಸ್ಪಿಯನ್ ಸಮುದ್ರದ ಆಚೆಯ ಶಿರ್ವಾನ್ ಕಡೆ ವ್ಯಾಪಾರ ಮಾಡಿ ವಾಪಸ್ ಬರಬೇಕು ಅಂತಿದ್ದವನು. ಅಸ್ತ್ರಾಖಾನ್ ಹತ್ತಿರ ತಾತಾರರು ದೋಣಿ ದೋಚಿದರು. ಅವನ ಸರಕು ಹೋಯಿತು, ಪುಸ್ತಕಗಳೂ ಹೋದವು. ಮುಂದೆ ಜೊತೆಗಿದ್ದ ಇನ್ನೊಂದು ದೋಣಿ ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಡಿಯಿತು, ಅದರಲ್ಲಿದ್ದವರು ಸೆರೆಯಾದರು. ಶಿರ್ವಾನಿನ ದೊರೆಯ ಮುಂದೆ ನಿಂತು, ಊರಿಗೆ ಹೋಗಲು ಏನಾದರೂ ಕೊಡಿ ಅಂತ ಇವರೆಲ್ಲ ಬೇಡಿಕೊಂಡರು. ನೀವು ಬಹಳ ಜನ ಇದ್ದೀರಿ ಅಂತ ದೊರೆ ಏನೂ ಕೊಡಲಿಲ್ಲ. ಎಲ್ಲರೂ ಅತ್ತು, ಬೇರೆ ಬೇರೆ ದಾರಿ ಹಿಡಿದರು. ಊರಿನಲ್ಲಿ ಏನಾದರೂ ಇದ್ದವರು ಊರಿಗೆ ಹೋದರು. ಸಾಲ ಇದ್ದವರು ಕಣ್ಣು ತೋರಿಸಿದ ಕಡೆ ನಡೆದರು ಅಂತ ಅವನೇ ಬರೆದಿದ್ದಾನೆ.

ನಿಕಿತಿನ್ ಎರಡನೆಯ ಗುಂಪಿನವನು. ಬಾಕುವಿಗೆ ಹೋದ. ಅಲ್ಲಿಂದ ಇರಾನ್ ದಾಟಿದ. ಹೋರ್ಮುಜ್ ಬಂದರಿನಲ್ಲಿ ಅವನಿಗೆ ಒಂದು ವಿಷಯ ಕಿವಿಗೆ ಬಿತ್ತು. ಹಿಂದೂಸ್ತಾನದಲ್ಲಿ ಕುದುರೆಗೆ ಚಿನ್ನದ ಬೆಲೆ, ಅಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ ಅಂತ. ಇದ್ದಬದ್ದದ್ದನ್ನೆಲ್ಲ ಸೇರಿಸಿ ಒಂದೇ ಒಂದು ಗಂಡು ಕುದುರೆ ಕೊಂಡ. ಅದರ ಜೊತೆ ಹಡಗು ಹತ್ತಿ, ಈಗಿನ ಮುಂಬೈಗೆ ದಕ್ಷಿಣದಲ್ಲಿರುವ ಚೌಲ್ ಬಂದರಿನಲ್ಲಿ ಇಳಿದ.

ಇಳಿದ ಮೇಲೆ ಅವನು ಮೊದಲು ಬರೆದುಕೊಂಡದ್ದು ಏನು ಗೊತ್ತಾ? ಇಲ್ಲಿ ಜನ ಮೈಮೇಲೆ ಬಟ್ಟೆಯಿಲ್ಲದೆ ಓಡಾಡುತ್ತಾರೆ. ಗಂಡಸರು ಸೊಂಟಕ್ಕೊಂದು ಬಟ್ಟೆ ಸುತ್ತಿರುತ್ತಾರೆ. ಹೆಂಗಸರು ತಲೆಗೆ ಸೆರಗು ಹಾಕುವುದಿಲ್ಲ, ಕೂದಲನ್ನು ಒಂದೇ ಜಡೆ ಹೆಣೆದುಕೊಂಡಿರುತ್ತಾರೆ. ಮಕ್ಕಳೋ ಮಕ್ಕಳು. ಮಂಜು ಬೀಳುವ ದೇಶದಿಂದ ಬಂದವನ ಕಣ್ಣಿಗೆ ಮೊದಲು ಬೀಳುವುದು ಬಟ್ಟೆಯೇ ಅಲ್ಲವೇ. ಆದರೆ ಅದರ ಜೊತೆಗೇ ಇನ್ನೊಂದು ಮಾತು ಬರೆದಿದ್ದಾನೆ. ತಾನು ಎಲ್ಲಿ ಹೋದರೂ ಹಿಂದೆ ಒಂದು ಗುಂಪು ಬರುತ್ತದೆ, ಬಿಳಿ ಮನುಷ್ಯನನ್ನು ನೋಡಿ ಬೆರಗಾಗುತ್ತದೆ ಅಂತ.

ಇಲ್ಲಿ ಸ್ವಲ್ಪ ನಿಲ್ಲೋಣ. ಅವನು ಊರು ನೋಡುತ್ತಿದ್ದಾನೆ, ಊರು ಅವನನ್ನು ನೋಡುತ್ತಿದೆ. ನಾವು ಬರೀ ಬಂದವನ ಅಭಿಪ್ರಾಯ ಏನು ಅಂತ ಕೇಳುತ್ತೇವೆ. ಬಂದವನ ಬಗ್ಗೆ ಊರಿನ ಅಭಿಪ್ರಾಯ ಏನಾಗಿತ್ತು? ಹಿಂದೆ ಹಿಂದೆ ಓಡಿದ ಆ ಹುಡುಗರು ಮನೆಗೆ ಹೋಗಿ ಅವ್ವನಿಗೆ ಏನು ಹೇಳಿರಬಹುದು? ಅದು ಯಾವ ಪುಸ್ತಕದಲ್ಲೂ ಇಲ್ಲ. ಬರೆದವನು ಅವನೊಬ್ಬನೇ.

ಚೌಲ್‌ನಿಂದ ಘಟ್ಟ ಹತ್ತಿ ಅವನು ಜುನ್ನರ್‌ಗೆ ಬಂದ. ಆ ಹೊತ್ತಿಗೆ ಮಳೆಗಾಲ ಶುರುವಾಯಿತು. ರಷ್ಯಾದವನಿಗೆ ಚಳಿಗಾಲ ಗೊತ್ತು, ಹಿಮ ಗೊತ್ತು. ಹಗಲೂ ರಾತ್ರಿ ನೀರು, ಎಲ್ಲೆಲ್ಲೂ ಕೆಸರು, ಅದೂ ನಾಲ್ಕು ತಿಂಗಳು! ಇದು ಇಲ್ಲಿಯವರ ಚಳಿಗಾಲ ಅಂತಲೇ ಬರೆದುಕೊಂಡ. ಈ ಮಳೆಯಲ್ಲೇ ಜನ ಉಳುತ್ತಾರೆ, ಬಿತ್ತುತ್ತಾರೆ ಅನ್ನುವುದನ್ನೂ ಗಮನಿಸಿದ. ಕುದುರೆಗೆ ಬಟಾಣಿ ಜಾತಿಯ ಕಾಳು ತಿನ್ನಿಸುತ್ತಾರೆ, ಸಕ್ಕರೆ ಮತ್ತು ಎಣ್ಣೆ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ ಅಂತಲೂ ಬರೆದ. ನೋಡಿ, ಕಿಚಡಿ ಅನ್ನುವ ಪದ 15ನೇ ಶತಮಾನದ ರಷ್ಯನ್ ಬರಹದಲ್ಲಿ ಬಂದು ಕೂತದ್ದು ಹೀಗೆ, ಒಂದು ಕುದುರೆಯ ದೆಸೆಯಿಂದ.

ಆ ಕುದುರೆಯೇ ಅವನಿಗೆ ಆಪತ್ತನ್ನೂ ತಂದಿತು. ಜುನ್ನರ್‌ನ ಅಧಿಕಾರಿ ಅಸದ್ ಖಾನ್ ಅದನ್ನು ಕಿತ್ತುಕೊಂಡ. ಇವನು ಕ್ರೈಸ್ತ ಅಂತ ಗೊತ್ತಾದ ಮೇಲೆ, ಮತಾಂತರವಾದರೆ ಕುದುರೆ ವಾಪಸ್, ಮೇಲೆ ಸಾವಿರ ಚಿನ್ನದ ನಾಣ್ಯ, ಆಗದಿದ್ದರೆ ಕುದುರೆಯೂ ಇಲ್ಲ, ನಿನ್ನ ತಲೆಗೆ ಸಾವಿರ ನಾಣ್ಯ ದಂಡ ಅಂದ. ನಾಲ್ಕು ದಿನ ಗಡುವು. ಪರದೇಶದಲ್ಲಿ ಕೈಯಲ್ಲಿ ಕಾಸಿಲ್ಲ, ಮಾತು ಬರುವುದಿಲ್ಲ, ಯಾರೂ ಇಲ್ಲ. ಕೊನೆಗೆ ಅವನನ್ನು ಪಾರುಮಾಡಿದವನು ಖುರಾಸಾನ್‌ನ ಒಬ್ಬ ಮುಸ್ಲಿಂ ಖಜಾನಾಧಿಕಾರಿ, ಹೆಸರು ಮಹಮ್ಮದ್. ನಿಕಿತಿನ್ ಅವನ ಕಾಲಿಗೆ ಬಿದ್ದು ಬೇಡಿಕೊಂಡ, ಅವನು ಖಾನನ ಹತ್ತಿರ ಮಾತಾಡಿ ಕುದುರೆ ಬಿಡಿಸಿಕೊಟ್ಟ. ಮತದ ಹೆಸರಿನಲ್ಲಿ ಹೆದರಿಸಿದವನೂ ಆ ಊರಿನಲ್ಲೇ ಸಿಕ್ಕ, ಅದೇ ಮತದವನೇ ಬಿಡಿಸಿಯೂ ಕೊಟ್ಟ. ಇಬ್ಬರಲ್ಲಿ ಒಬ್ಬನನ್ನು ಮಾತ್ರ ಹೇಳಿದರೆ ಅದು ನಮ್ಮ ಒಂಬತ್ತರ ಚರ್ಚೆ ಆಗುತ್ತದೆ. ಅವನು ಇಬ್ಬರನ್ನೂ ಬರೆದ.

ಜುನ್ನರ್‌ನಿಂದ ಒಂದು ತಿಂಗಳು ನಡೆದು ಬೀದರಿಗೆ ಬಂದ.

ಆಗಿನ ಬೀದರ್ ಅಂದರೆ ಏನು ಅಂತ ಮೊದಲು ಹೇಳಬೇಕು. ಇವತ್ತು ಬೀದರ್ ಅಂದರೆ ನಮ್ಮ ರಾಜ್ಯದ ನಕ್ಷೆಯ ತುತ್ತತುದಿ. ಬೆಂಗಳೂರಿನಲ್ಲಿ ಕೂತವರಿಗೆ ಹವಾಮಾನ ವರದಿಯಲ್ಲಿ ಮಾತ್ರ ನೆನಪಾಗುವ ಊರು. ಆಗ ಅದು ಬಹಮನಿ ಸುಲ್ತಾನರ ರಾಜಧಾನಿ. ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು ನಾಲ್ಕು ದಶಕ ಕಳೆದಿತ್ತು. ಸಿಂಹಾಸನದಲ್ಲಿ ಮೂರನೇ ಮುಹಮ್ಮದ್ ಷಾ, ಇಪ್ಪತ್ತರ ಹುಡುಗ. ನಿಜವಾದ ಆಡಳಿತ ವಜೀರ ಮಹಮೂದ್ ಗವಾನ್ ಕೈಯಲ್ಲಿ. ಆ ಪ್ರಸಿದ್ಧ ಮದರಸಾ ಕಟ್ಟಿ ಮುಗಿಸಿದ್ದು 1472ರಲ್ಲಿ, ಅಂದರೆ ಹೆಚ್ಚುಕಡಿಮೆ ನಿಕಿತಿನ್ ಇಲ್ಲಿ ಓಡಾಡಿಕೊಂಡಿದ್ದ ಕಾಲಕ್ಕೇ.

ಇಂಥ ಊರಿಗೆ ಹೊಸದಾಗಿ ಬಂದವನ ಕಣ್ಣಿಗೆ ಏನೇನು ಬಿತ್ತು?

ಮೊದಲು ಪೇಟೆ. ಕುದುರೆ ಮಾರುತ್ತಾರೆ, ರೇಷ್ಮೆ ಮಾರುತ್ತಾರೆ, ಜರಿಬಟ್ಟೆ ಮಾರುತ್ತಾರೆ. ಮನುಷ್ಯರನ್ನೂ ಮಾರುತ್ತಾರೆ, ಕಪ್ಪು ಗುಲಾಮರನ್ನು. ಆದರೆ ತನ್ನ ದೇಶಕ್ಕೆ ಒಯ್ಯುವಂಥ ಸರಕು ಒಂದೂ ಇಲ್ಲ! ಇಲ್ಲಿ ಎಲ್ಲ ಸಿಗುತ್ತದೆ ಅಂತ ಹೇಳಿದವರು ತನಗೆ ಮೋಸ ಮಾಡಿದರು ಅಂತ ಬೈದುಕೊಂಡ. ಮೆಣಸು ಅಗ್ಗ, ಬಣ್ಣ ಅಗ್ಗ, ನಿಜ. ಆದರೆ ಸುಂಕ ಜಾಸ್ತಿ, ಸಮುದ್ರದಲ್ಲಿ ಕಳ್ಳರು ಜಾಸ್ತಿ. ಕುದುರೆಯನ್ನು ಒಂದು ವರ್ಷ ಮೇವು ಹಾಕಿ ಸಾಕಿ, ಕೊನೆಗೆ ಬೀದರಿನಲ್ಲಿ ಮಾರಿದ. ಮೇವಿಗೆ ಎಷ್ಟು ಖರ್ಚಾಯಿತು ಅನ್ನುವ ಲೆಕ್ಕವನ್ನೂ ಬಿಡದೆ ಬರೆದಿಟ್ಟ.

ಆಮೇಲೆ ಅರಮನೆ. ಏಳು ಬಾಗಿಲು. ಬಾಗಿಲಲ್ಲಿ ನೂರು ಕಾವಲುಗಾರರು, ನೂರು ಗುಮಾಸ್ತರು. ಒಳಗೆ ಹೋದವರ ಹೆಸರು ಒಬ್ಬ ಬರೆಯುತ್ತಾನೆ, ಹೊರಗೆ ಬಂದವರ ಹೆಸರು ಇನ್ನೊಬ್ಬ ಬರೆಯುತ್ತಾನೆ. ಇದನ್ನು ಓದಿ ನಾನು ಜೋರಾಗಿ ನಕ್ಕುಬಿಟ್ಟೆ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಇವತ್ತಿಗೂ ಅದೇ ಪುಸ್ತಕ, ಅದೇ ಪೆನ್ನು, ಅದಕ್ಕೊಂದು ದಾರ ಕಟ್ಟಿರುತ್ತದೆ. ಐದೂವರೆ ಶತಮಾನದಲ್ಲಿ ಹೆಚ್ಚಾದದ್ದು ಆ ದಾರ ಒಂದೇ.

ರಾತ್ರಿ ಕೊತ್ವಾಲನ ಸಾವಿರ ಜನ ಕುದುರೆ ಮೇಲೆ, ಕೈಯಲ್ಲಿ ಪಂಜು ಹಿಡಿದು ಊರು ಕಾಯುತ್ತಾರೆ ಅಂತ ಬರೆದಿದ್ದಾನೆ. ಅಷ್ಟು ಕಾವಲು ಇರುವ ಊರಿನಲ್ಲಿ ಹಾವುಗಳು ಬೀದಿಯಲ್ಲೇ ಹರಿದಾಡುತ್ತವೆ, ಎರಡು ಮಾರು ಉದ್ದದವು ಅಂತಲೂ ಬರೆದಿದ್ದಾನೆ. ರಾತ್ರಿ ಕೂಗುವ ಒಂದು ಹಕ್ಕಿಯ ಬಗ್ಗೆ ಕೇಳಿದ್ದನಂತೆ. ಅದರ ಹೆಸರನ್ನು ಗುಕುಕ್ ಅಂತ ಬರೆದುಕೊಂಡಿದ್ದಾನೆ. ಅದು ಯಾವ ಮನೆಯ ಮೇಲೆ ಕೂತರೆ ಆ ಮನೆಯಲ್ಲಿ ಸಾವಾಗುತ್ತದೆ ಅಂತ ಜನ ಹೇಳಿದರಂತೆ. ನಿಮಗೆ ಗೊತ್ತಾಯಿತಲ್ಲ? ಗೂಗೆ! ನಮ್ಮ ಅಜ್ಜಿ ಹೇಳುತ್ತಿದ್ದದ್ದೂ ಅದನ್ನೇ. ಗೂಗೆ ಕೂಗಿದರೆ ಒಲೆಯಲ್ಲಿ ಉಪ್ಪು ಹಾಕುತ್ತಿದ್ದಳು. ಶಾಸನಗಳಲ್ಲಿ ದಾನ ದತ್ತಿ ಇರುತ್ತದೆ, ಆಸ್ಥಾನದ ಚರಿತ್ರೆಯಲ್ಲಿ ಯುದ್ಧ ಇರುತ್ತದೆ. ಆಳಂದದ ಮನೆಯ ಮಾಳಿಗೆ ಮೇಲೆ ಕೂತ ಗೂಗೆಯನ್ನೂ ಒಳಗೆ ಮಲಗಿದವರ ಅಂಜಿಕೆಯನ್ನೂ ಯಾರು ಬರೆಯುತ್ತಾರೆ? ಹೊರಗಿನವನೇ ಬರೆಯಬೇಕು. ಯಾಕೆಂದರೆ ಊರಿನವರಿಗೆ ಅದು ಬರೆಯುವಂಥ ಸುದ್ದಿಯೇ ಅಲ್ಲ.

ಆದರೆ ಅವನು ಬರೆದದ್ದೆಲ್ಲ ವೇದವಾಕ್ಯ ಅಂತಲ್ಲ. ಕಾಡಿನಲ್ಲಿ ಕೋತಿಗಳಿಗೊಬ್ಬ ರಾಜ ಇದ್ದಾನೆ, ಯಾರಾದರೂ ಕೋತಿಗೆ ತೊಂದರೆ ಕೊಟ್ಟರೆ ಅವು ಹೋಗಿ ದೂರು ಕೊಡುತ್ತವೆ, ರಾಜ ಸೈನ್ಯ ಕಳಿಸುತ್ತಾನೆ ಅಂತ ಬರೆದಿದ್ದಾನೆ! ಯಾರೋ ರಾಮಾಯಣದ ಕಥೆ ಹೇಳಿರಬೇಕು, ಇವನು ನಂಬಿಬಿಟ್ಟಿರಬೇಕು. ಸೈನ್ಯದ ಲೆಕ್ಕಗಳೂ ಲಕ್ಷಗಳಲ್ಲೇ ಓಡುತ್ತವೆ. ಹೊಸಬನ ಕಣ್ಣು ಚುರುಕು, ಆದರೆ ಕಿವಿ ಮೋಸಹೋಗುತ್ತದೆ. ಕಣ್ಣಾರೆ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡಿ ಓದುವ ಕೆಲಸ ನಮ್ಮದು.

ಇನ್ನು ಅವನು ಕಣ್ಣಾರೆ ಕಂಡದ್ದರಲ್ಲಿ ಒಂದು ಮಾತಿದೆ. ಅದಕ್ಕಾಗಿಯೇ ನಾನು ಇಷ್ಟೆಲ್ಲ ಹೇಳುತ್ತಿರುವುದು. ಈ ನಾಡಿನಲ್ಲಿ ಜನ ಬಹಳ, ಹಳ್ಳಿಯವರು ತೀರಾ ಬಡವರು, ಸರದಾರರು ಮಾತ್ರ ಬಹಳ ಬಲಿಷ್ಠರು, ಬಹಳ ಶ್ರೀಮಂತರು ಅಂತ ಬರೆದಿದ್ದಾನೆ. ಒಬ್ಬ ಸರದಾರ ಬೀದಿಗೆ ಬಂದರೆ ಹೇಗೆ ಬರುತ್ತಾನೆ ಅನ್ನುವುದನ್ನೂ ಎಣಿಸಿ ಬರೆದಿದ್ದಾನೆ. ಬೆಳ್ಳಿಯ ಪಲ್ಲಕ್ಕಿ. ಮುಂದೆ ಚಿನ್ನದ ಸಾಜು ಹಾಕಿದ ಇಪ್ಪತ್ತು ಕುದುರೆ. ಹಿಂದೆ 300 ಸವಾರರು, 500 ಕಾಲಾಳು, ಹತ್ತು ಕಹಳೆ, ಹತ್ತು ನಗಾರಿ, ಹತ್ತು ಕೊಳಲು.

ನಾನು ಈ ಸಾಲುಗಳನ್ನು ಓದಿದ ದಿನ ಬೆಳಿಗ್ಗೆಯಷ್ಟೇ ಬೆಂಗಳೂರಿನಲ್ಲಿ ಒಬ್ಬ ಗಣ್ಯರ ಕಾರುಗಳ ಸಾಲು ಹೋಗುವವರೆಗೆ ಅರ್ಧ ಗಂಟೆ ಸಿಗ್ನಲ್‌ನಲ್ಲಿ ನಿಂತಿದ್ದೆ. ಪಕ್ಕದ ಆಟೋದಲ್ಲಿ ಮಗು ಅಳುತ್ತಿತ್ತು. ನಾನು ಕಾರುಗಳನ್ನು ಎಣಿಸಲೂ ಇಲ್ಲ. ಯಾಕೆ ಎಣಿಸಲಿ? ಅದು ದಿನಾ ಆಗುವುದೇ ತಾನೇ. ಇದೇ ನೋಡಿ ಒಂದು ಊರಿನಲ್ಲಿ ಬಹಳ ವರ್ಷ ಇರುವುದರ ತೊಂದರೆ. ಕಣ್ಣು ಇರುತ್ತದೆ, ಎಣಿಕೆ ನಿಂತುಹೋಗಿರುತ್ತದೆ.

ನಿಕಿತಿನ್ ಅರಮನೆ ಬಾಗಿಲಿನ ವಿಷಯ ಬರೆಯುವಾಗ ಒಂದು ಪದ ಬಳಸುತ್ತಾನೆ. ಗರೀಬರನ್ನು ಒಳಗೆ ಬಿಡುವುದಿಲ್ಲ ಅಂತ. ನಮ್ಮ ಬೀದರ್ ಕಡೆ ಗರೀಬ ಅಂದರೆ ಬಡವ. ಆದರೆ ಅರಬ್ಬಿಯಲ್ಲಿ ಅದಕ್ಕೆ ಪರ ಊರಿನವ ಅಂತ ಅರ್ಥ. ಕನ್ನಡದ ಪರದೇಶಿಯ ಕಥೆಯೂ ಅದೇ. ಬೇರೆ ದೇಶದವನೂ ಪರದೇಶಿ, ದಿಕ್ಕಿಲ್ಲದವನೂ ಪರದೇಶಿ. ಬೀದರಿನಲ್ಲಿ ಆಗ ಈ ಪದ ಬರೀ ಪದವಾಗಿರಲಿಲ್ಲ, ರಾಜಕೀಯವೇ ಅದರ ಮೇಲೆ ನಿಂತಿತ್ತು. ಒಂದು ಕಡೆ ಇಲ್ಲೇ ನೆಲೆನಿಂತ ದಖ್ಖನಿಗಳು, ಇನ್ನೊಂದು ಕಡೆ ಇರಾನ್, ಖುರಾಸಾನ್ ಕಡೆಯಿಂದ ಬಂದ ಪರದೇಶಿಗಳು. ಮಹಮೂದ್ ಗವಾನ್ ಸ್ವತಃ ಪರದೇಶಿ. ಇರಾನಿನ ಗೀಲಾನ್‌ನಿಂದ ವ್ಯಾಪಾರಕ್ಕೆ ಅಂತ ಬಂದು ವಜೀರನಾದವನು. ರಾಜ್ಯವನ್ನು ಎರಡು ಕಡಲಿನ ತನಕ ಬೆಳೆಸಿದ. ಕೊನೆಗೆ ವಿರೋಧಿಗಳು ಅವನ ಮೊಹರು ಇರುವ ಖೊಟ್ಟಿ ಪತ್ರ ಸೃಷ್ಟಿಸಿ, ಒರಿಸ್ಸಾದ ರಾಜನಿಗೆ ರಾಜ್ಯ ಒಪ್ಪಿಸುತ್ತಿದ್ದಾನೆ ಅಂತ ಸುಲ್ತಾನನ ಕಿವಿ ಕಚ್ಚಿದರು. 1481ರಲ್ಲಿ, ಎಪ್ಪತ್ತು ದಾಟಿದ ಮುದುಕನ ತಲೆ ತೆಗೆಸಲಾಯಿತು. ಮರುವರ್ಷ ಸುಲ್ತಾನನೂ ಹೋದ. ಮುಂದೆ ರಾಜ್ಯ ಐದು ಹೋಳಾಯಿತು. ಹೇಳೋಕೆ ಅವನ್ಯಾರು, ಆಳೋಕೆ ಅವನ್ಯಾರು ಅನ್ನುವ ಪ್ರಶ್ನೆ ಬೀದರಿಗೆ ಹೊಸದಲ್ಲ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಒಳ್ಳೆಯ ಪ್ರವಾಸಿಗೂ ಬರೀ ಹಾದುಹೋಗುವವನಿಗೂ ಇರುವ ವ್ಯತ್ಯಾಸ ಈಗ ಬರುತ್ತದೆ. ನಿಕಿತಿನ್ ಮೊದಲ ನೋಟಕ್ಕೇ ನಿಲ್ಲಲಿಲ್ಲ. ಬೀದರಿನಲ್ಲಿ ತಿಂಗಳುಗಟ್ಟಲೆ ಉಳಿದ. ಖೋಜಾ ಯೂಸುಫ್ ಅಂತ ಹೆಸರು ಇಟ್ಟುಕೊಂಡಿದ್ದ. ಇಲ್ಲಿನ ಹಿಂದೂಗಳ ಸ್ನೇಹವಾದ ಮೇಲೆ, ನಾನು ಮುಸ್ಲಿಮನಲ್ಲ, ಕ್ರೈಸ್ತ, ನನ್ನ ಹೆಸರು ಅಫನಾಸಿ ಅಂತ ನಿಜ ಹೇಳಿದ. ಅವನು ತನ್ನದನ್ನು ಮುಚ್ಚಿಡಲಿಲ್ಲ, ಅವರೂ ತಮ್ಮದನ್ನು ಮುಚ್ಚಿಡಲಿಲ್ಲ. ಮನೆಯೊಳಗೆ ಕರೆದರು. ಊಟ, ಪೂಜೆ, ವ್ಯಾಪಾರ ಎಲ್ಲ ತೋರಿಸಿದರು.

ಹಾಗೆ ಒಳಗೆ ಹೋದವನಿಗೆ ಕಂಡದ್ದೇನು? ದಿನಕ್ಕೆ ಎರಡು ಊಟ, ರಾತ್ರಿ ಇಲ್ಲ. ಬಲಗೈಯಲ್ಲೇ ತಿನ್ನುತ್ತಾರೆ, ಎಡಗೈ ತಾಗಿಸುವುದಿಲ್ಲ. ದನದ ಮಾಂಸ ಯಾರೂ ಮುಟ್ಟುವುದಿಲ್ಲ. ಪ್ರಯಾಣಕ್ಕೆ ಹೊರಟರೆ ಪ್ರತಿಯೊಬ್ಬನ ಹತ್ತಿರ ಅವನವನದೇ ಗಡಿಗೆ, ಅವನವನದೇ ಅಡುಗೆ. ಬೇರೆಯವರ ಕಣ್ಣು ಬಿದ್ದರೆ ಆ ಅನ್ನ ಬಿಟ್ಟೇಬಿಡುತ್ತಾರೆ. ಇಲ್ಲಿ ಒಟ್ಟು 84 ಮತಗಳಿವೆ, ಒಬ್ಬರು ಇನ್ನೊಬ್ಬರ ಜೊತೆ ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಹೆಣ್ಣು ಕೊಟ್ಟು ತರುವುದಿಲ್ಲ ಅಂತ ಬರೆದುಕೊಂಡ. ಜಾತಿ ಅನ್ನುವ ಪದ ಅವನಿಗೆ ಗೊತ್ತಿರಲಿಲ್ಲ. ಆದರೆ ಪದ ಗೊತ್ತಿಲ್ಲದವನು ಅದನ್ನು ಕಂಡಷ್ಟು ಸ್ಪಷ್ಟವಾಗಿ, ಪದ ಗೊತ್ತಿರುವ ನಾವು ಕಾಣುತ್ತೇವೆಯೇ? ನೀವೇ ಹೇಳಿ.

ಆ ಸ್ನೇಹಿತರು ಅವನನ್ನು ಶಿವರಾತ್ರಿಗೆ ಶ್ರೀಶೈಲಕ್ಕೆ ಕರೆದುಕೊಂಡು ಹೋದರು. ಒಂದು ತಿಂಗಳ ನಡಿಗೆ. ನಮ್ಮ ಕಡೆಯ ಜನ ಇವತ್ತಿಗೂ ಶ್ರೀಶೈಲಕ್ಕೆ ನಡೆದುಕೊಂಡು ಹೋಗುತ್ತಾರಲ್ಲ, ಅದೇ ಮಲ್ಲಯ್ಯನ ಹಾದಿ. ಜನ ತಲೆ ಬೋಳಿಸಿಕೊಳ್ಳುವುದನ್ನು ನೋಡಿದ, ಕಪ್ಪು ಕಲ್ಲಿನ ದೊಡ್ಡ ಬಸವಣ್ಣನನ್ನು ನೋಡಿದ, ಜನ ಅದರ ಗೊರಸಿಗೆ ಮುತ್ತಿಟ್ಟು ಹೂವು ಏರಿಸುವುದನ್ನು ನೋಡಿದ. ತಲೆಗಿಷ್ಟು ಅಂತ ಸುಂಕ ವಸೂಲಿ ಮಾಡುವುದನ್ನೂ ನೋಡಿದ! ಇದು ಇವರ ಜೆರುಸಲೇಮ್ ಅಂತ ಬರೆದ. ಹೋಲಿಕೆ ಮಾಡುವಾಗ ತನಗೆ ಅತಿ ಪವಿತ್ರವಾದ ಊರಿನ ಹೆಸರನ್ನೇ ಕೊಟ್ಟ. ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ?

ಬೀದರಿನಿಂದ ಹನ್ನೆರಡು ಹರದಾರಿ ಅಂತ ಅವನು ಹೇಳುವ ಆಳಂದದ ಜಾತ್ರೆಯೂ ಅವನ ಪುಸ್ತಕದಲ್ಲಿದೆ. ಶೇಖ್ ಅಲಾವುದ್ದೀನರ ಗೋರಿಯ ಹತ್ತಿರ ಹತ್ತು ದಿನದ ಜಾತ್ರೆ, 20,000 ಕುದುರೆಗಳ ಮಾರಾಟ. ಲಾಡ್ಲೆ ಮಶಾಯಕ್ ದರ್ಗಾ ಅಂದರೆ ಕಲಬುರಗಿ ಕಡೆಯವರಿಗೆ ಈಗಲೂ ಗೊತ್ತು.

ಕೊನೆಗೆ ಅವನಿಗೆ ಊರಿನ ನೆನಪು ತಡೆಯಲಾಗಲಿಲ್ಲ. ಪುಸ್ತಕ ಕಳೆದುಹೋದದ್ದರಿಂದ ತನ್ನ ಹಬ್ಬ ಯಾವತ್ತು, ಉಪವಾಸ ಯಾವತ್ತು ಅನ್ನುವುದೇ ಗೊತ್ತಾಗದೆ ಒದ್ದಾಡುತ್ತಿದ್ದ. ದಾಭೋಳ ಬಂದರಿನಿಂದ ಹಡಗು ಹತ್ತಿ, ಇರಾನ್, ಕಪ್ಪು ಸಮುದ್ರ ದಾಟಿ ಹೊರಟ. ಟ್ವೇರ್ ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ತಲುಪುವ ಮೊದಲೇ ದಾರಿಯಲ್ಲಿ ಸತ್ತ. ಅವನ ಕೈಬರಹದ ಪುಸ್ತಕ ಮಾತ್ರ ವ್ಯಾಪಾರಿಗಳ ಮೂಲಕ 1475ರಲ್ಲಿ ಮಾಸ್ಕೋದ ಒಬ್ಬ ಅಧಿಕಾರಿಯ ಕೈ ಸೇರಿತು. ಆಮೇಲೆ ಮಠದ ಕಪಾಟಿನಲ್ಲಿ ಮಲಗಿತ್ತು. 19ನೇ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಾಮ್ಜಿನ್ ಹುಡುಕಿ ತೆಗೆದ. ಮೂರು ಸಮುದ್ರಗಳಾಚೆಯ ಪಯಣ ಅಂತ ಅದಕ್ಕೆ ಹೆಸರು. ಟ್ವೇರ್‌ನಲ್ಲಿ 1955ರಲ್ಲಿ ಅವನ ಪ್ರತಿಮೆ ನಿಂತಿತು. 1957ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ಸೇರಿ ಅವನ ಮೇಲೆ ಸಿನಿಮಾ ಮಾಡಿದವು, ನರ್ಗಿಸ್ ಇದ್ದರು, ಬಲರಾಜ್ ಸಾಹನಿ ಇದ್ದರು. ಹೆಸರು ಪರದೇಸಿ.

ಈಗ ಆ ಪುಸ್ತಕದಲ್ಲಿ ನನ್ನ ನಿದ್ದೆ ಕೆಡಿಸಿದ ಜಾಗಕ್ಕೆ ಬರುತ್ತೇನೆ.

ಬೀದರಿನ ಸರದಾರರು ಶ್ರೀಮಂತರು, ಹಳ್ಳಿಯವರು ಬಡವರು ಅನ್ನುವುದನ್ನು ಅವನು ರಷ್ಯನ್ ಭಾಷೆಯಲ್ಲಿ ಬರೆದ. ತನ್ನವರೆಲ್ಲ ಓದಲಿ ಅಂತ. ಆದರೆ ಒಂದು ಕಡೆ ತನ್ನ ದೇಶದ ಬಗ್ಗೆ ಬರೆಯುತ್ತಾನೆ. ರಷ್ಯಾವನ್ನು ದೇವರು ಕಾಪಾಡಲಿ, ಅಂಥ ನಾಡು ಜಗತ್ತಿನಲ್ಲೇ ಇಲ್ಲ, ಆದರೆ ಅಲ್ಲಿನ ಸರದಾರರು ನ್ಯಾಯವಂತರಲ್ಲ, ಅಲ್ಲಿ ನ್ಯಾಯ ನೆಲೆಸಲಿ ಅನ್ನುವ ಅರ್ಥದ ಮಾತುಗಳು. ಇದನ್ನು ಅವನು ರಷ್ಯನ್‌ನಲ್ಲಿ ಬರೆಯಲಿಲ್ಲ! ಲಿಪಿ ರಷ್ಯನ್, ಭಾಷೆ ಮಾತ್ರ ತುರ್ಕಿ, ಫಾರ್ಸಿ, ಅರಬ್ಬಿ ಬೆರೆತ ವ್ಯಾಪಾರಿಗಳ ಮಾತು. ಊರಿನ ಜನ ಓದಿದರೂ ಅರ್ಥವಾಗದಂಥದ್ದು.

ಯಾಕೆ ಅಂತ ಅವನು ಹೇಳಿಲ್ಲ. ಆದರೆ ನನಗೆ ಅರ್ಥವಾಯಿತು. ಯಾಕೆಂದರೆ ಆ ಕೆಲಸ ನಾನೂ ಮಾಡಿದ್ದೇನೆ.

ಬಹಳ ವರ್ಷಗಳ ಹಿಂದೆ, ವರದಿಗಾರನಾಗಿದ್ದಾಗ, ಬೆಂಗಳೂರಿನ ಕಸದ ಮೇಲೆ ಐದು ದಿನ ಸರಣಿ ಮಾಡಿದ್ದೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದ್ದೆ. ಭೇಷ್ ಅನ್ನಿಸಿಕೊಂಡಿದ್ದೆ. ಅದೇ ವರ್ಷ ನಮ್ಮೂರಿನಲ್ಲಿ ಕುಡಿಯುವ ನೀರು ಕೆಟ್ಟು, ನಮ್ಮ ಓಣಿಯಲ್ಲೇ ಮಕ್ಕಳು ವಾಂತಿಭೇದಿಯಾಗಿ ಮಲಗಿದರು. ಹೊಣೆ ಯಾರದು ಅಂತ ನನಗೆ ಗೊತ್ತಿತ್ತು. ಅವರಲ್ಲಿ ಒಬ್ಬರು ನಮ್ಮ ನೆಂಟರು. ನಾನು ಒಂದೂವರೆ ನಿಮಿಷದ ಸುದ್ದಿ ಮಾಡಿದೆ. ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕಿದೆ ಅಂತ ಮುಗಿಸಿದೆ. ಸಂಬಂಧಪಟ್ಟವರು! ಅದೇ ನನ್ನ ಗುಪ್ತ ಭಾಷೆ. ಲಿಪಿ ಕನ್ನಡ, ಅರ್ಥ ಯಾರಿಗೂ ಆಗಬಾರದು.

ಮರುದಿನ ಅವ್ವ ಫೋನ್ ಮಾಡಿದಳು. "ಯಪ್ಪಾ, ಬೆಂಗಳೂರಾಗಿನ ಕಸ ಐದ್ ದಿನ ತೋರಿಸಿದಿ. ನಮ್ ಓಣ್ಯಾಗಿನ ನೀರು ಯಾವಾಗ ತೋರಸ್ತಿ?" ಅಂದಳು. ನಿನ್ನೆ ತೋರಿಸಿದ್ದೆನಲ್ಲ ಅವ್ವ ಅಂದೆ. "ನಾ ನೋಡೀನಿ. ನನಗ ತಿಳೀಲಿಲ್ಲ" ಅಂದಳು. ಅಷ್ಟೇ. ಬೇರೆ ಏನೂ ಅನ್ನಲಿಲ್ಲ.

ಈಗ ಡೆಸ್ಕಿನ ಹುಡುಗನ ಪ್ರಶ್ನೆಗೆ ವಾಪಸ್ ಬರೋಣ. ಹೇಳೋಕೆ ಅವನ್ಯಾರು? ಅವನು ಪರದೇಶಿ. ಅವನಿಗೆ ಈ ಊರಿನಲ್ಲಿ ನೆಂಟರಿಲ್ಲ, ಯಾರ ಹಂಗೂ ಇಲ್ಲ, ಎಣಿಕೆ ಇನ್ನೂ ನಿಂತಿಲ್ಲ. ಅವನು ತಪ್ಪು ಹೇಳಬಹುದು, ಕೋತಿಗಳ ರಾಜನನ್ನು ನಂಬಬಹುದು. ಒಂದೇ ದಿನ ನೋಡಿ ಹೊರಟವನಾದರೆ, ಇನ್ನೆರಡು ತಿಂಗಳು ಇರಪ್ಪಾ, ಒಳಗೆ ಬಾ, ಉಂಡು ಹೋಗು ಅಂತ ನಾವು ಕರೆಯಬೇಕು. ಆದರೆ ಫುಟ್‌ಪಾತ್ ಮೇಲೆ ಬೈಕ್ ಬಂತು ಅಂದರೆ ಬಂತು. ಹೂವಿನವ್ವ ಕೈ ಹಿಡಿದು ದಾಟಿಸಿದಳು ಅಂದರೆ ದಾಟಿಸಿದಳು. ಎರಡೂ ನಮ್ಮದೇ.

ಅವನು ಹೇಳಿದ್ದರಿಂದ ಊರಿಗೆ ಅವಮಾನ ಆಗಲಿಲ್ಲ. ನಮ್ಮ ಊರಿನ ಮಾತನ್ನು ನಮ್ಮ ಭಾಷೆಯಲ್ಲಿ, ನಮ್ಮವರಿಗೆ ತಿಳಿಯುವ ಹಾಗೆ ನಾವು ಹೇಳದೆ ಉಳಿದೆವಲ್ಲ, ತಲೆ ತಗ್ಗಿಸಬೇಕಾದದ್ದು ಅದಕ್ಕೆ. ನಿಕಿತಿನ್‌ಗಾದರೂ ಊರಿಗೆ ವಾಪಸ್ ಹೋದಾಗ ತಲೆ ಉಳಿಯಬೇಕು ಅನ್ನುವ ಭಯ ಇದ್ದಿರಬಹುದು. ನನಗೇನಿತ್ತು? ನೆಂಟರ ಮದುವೆಯಲ್ಲಿ ಮುಖ ತಪ್ಪಿಸಬೇಕಾಗುತ್ತದೆ ಅನ್ನುವುದೊಂದೇ.

ಮೊನ್ನೆ ಊರಿಗೆ ಹೋಗಿದ್ದಾಗ ಓಣಿಯ ನಲ್ಲಿಯ ಮುಂದೆ ಬಹಳ ಹೊತ್ತು ನಿಂತೆ. ಹೊಸಬನ ಹಾಗೆ ನಿಂತು ಎಣಿಸಿದೆ. 43 ಕೊಡಗಳಿದ್ದವು. ಬರೆದುಕೊಂಡಿದ್ದೇನೆ.